ದೇವಿಯ ಬೆನ್ನ ಹಿಂದಿನ ಓಣಿ

ಯಾದಗಿರಿ ಸ್ಟೇಷನ್ನಿನ ಮಗ್ಗುಲಲ್ಲಿ ನಿಜಾಮರ ಕಾಲದ ಸೇಂದಿ ಗೋದಾಮು ಒಂದಿತ್ತು. ನಾಡು ಒಂದಾದ ಮೊದಲ ಚಳಿಗಾಲದಲ್ಲಿ ಅದನ್ನು ಚಿತ್ರಶಾಲೆ ಮಾಡಬೇಕೆಂದು ಮೇಲಿನಿಂದ ಹುಕುಂ ಬಂತು. ಹಳೆಯ ರಾಜರ ಪಟಗಳನ್ನು ತೂಗುಹಾಕುವ ಶಾಲೆಯಲ್ಲ. ಈಗ ಬದುಕಿರುವ ನಮ್ಮ ಕಡೆಯ ಕಲಾವಿದರು ಈ ಕಾಲವನ್ನು ಕುರಿತು ಬರೆದ ಚಿತ್ರಗಳನ್ನು ಶಾಶ್ವತವಾಗಿ ಇಡುವ ಶಾಲೆ. ಉದ್ದೇಶ ಚೆನ್ನಾಗಿಯೇ ಇತ್ತು. ಉದ್ದೇಶಗಳು ಯಾವಾಗಲೂ ಚೆನ್ನಾಗಿಯೇ ಇರುತ್ತವೆ. ಅವುಗಳಿಗೆ ಗೋಡೆ ಕಟ್ಟುವ ಕೆಲಸ ಮಾತ್ರ ನನ್ನಂಥವರ ತಲೆಗೆ ಬರುತ್ತದೆ.

ನಾನಾಗ ಸರ್ಕಾರಿ ಕಟ್ಟಡಗಳ ಓವರ್ಸಿಯರ್. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಕೆಲಸ ಕಲಿತವನು. ಕಾಗದಪತ್ರಗಳೆಲ್ಲ ಬೆಂಗಳೂರಿನ ಕಡೆ ಮುಖ ತಿರುಗಿಸಿದ ಮೇಲೆ ನನ್ನ ಕಲಿಕೆಗೆ ಬೆಲೆ ಇಳಿದಿತ್ತು. ನನ್ನ ಕನ್ನಡವನ್ನು ಕೇಳಿ ಮೇಲಿನವರು ನಗುತ್ತಿದ್ದರು. ನಗಲಿ. ಗೋಡೆಗೆ ಭಾಷೆ ಬೇಕಾಗಿರಲಿಲ್ಲ, ಅದಕ್ಕೆ ಬೇಕಾದದ್ದು ಗಚ್ಚು.

ಗೋದಾಮಿನ ಕಲ್ಲಿನ ಗೋಡೆಗಳು ಆನೆ ಗುದ್ದಿದರೂ ಅಲುಗಾಡುವಂಥವಲ್ಲ. ನೆಲಕ್ಕೆ ಶಹಾಬಾದ ಫರಸಿ ಕಲ್ಲು, ಮೇಲೂ ಫರಸಿಯದೇ ಛಾವಣಿ. ಸೇಂದಿ ಕದಿಯುವವರು ಒಳಗೆ ಇಣುಕದಿರಲಿ ಎಂದು ಕಿಟಕಿಗಳನ್ನು ಛಾವಣಿಯ ಕೆಳಗೆ ಬರಿಯ ಸೀಳುಗಳಂತೆ ಬಿಟ್ಟಿದ್ದರು. ಸ್ಟೇಷನ್ ಕಡೆಗೆ ಒಂದು ದೊಡ್ಡ ಬಾಗಿಲು, ಪಕ್ಕದ ಗೋಡೆಯ ಹಿಂದಿನ ಮೂಲೆಯಲ್ಲಿ, ಹಿತ್ತಲಿಗೆ ಪೀಪಾಯಿ ಉರುಳಿಸಲು ಮಾಡಿದ ಒಂದು ಗಿಡ್ಡ ಬಾಗಿಲು. ಎಷ್ಟು ಸಲ ತೊಳೆಸಿದರೂ ಮಧ್ಯಾಹ್ನ ಬಿಸಿಲೇರಿದರೆ ಹುಳಿ ವಾಸನೆ ಹೊಡೆಯುತ್ತಿತ್ತು.

ನಕ್ಷೆ ಮಾಡಲು ಬೆಂಗಳೂರಿನಿಂದ ಒಬ್ಬ ಆರ್ಕಿಟೆಕ್ಟ್ ಬಂದರು. ಇನ್ನೂ ಹರೆಯದವರು. ಅವರನ್ನು ಬಯ್ಯಬೇಕೆಂದು ನಾನು ಸಿದ್ಧನಾಗಿಯೇ ಇದ್ದೆ, ಆದರೆ ಅವರು ಅವಕಾಶ ಕೊಡಲಿಲ್ಲ. ಮೊದಲ ದಿನವೆಲ್ಲ ಗೋದಾಮಿನ ನಡುವೆ ಒಂದು ಸ್ಟೂಲು ಹಾಕಿಕೊಂಡು ಬೆಳಕು ಎಲ್ಲೆಲ್ಲಿ ಸರಿಯುತ್ತದೆ ಎಂದು ನೋಡುತ್ತ ಕುಳಿತರು.

"ಬೆಳಕು ನೇರವಾಗಿ ಚಿತ್ರದ ಮೇಲೆ ಬೀಳಬಾರದು. ಎದುರಿನ ಗೋಡೆಗೆ ಬಿದ್ದು, ಅಲ್ಲಿಂದ ಚಿತ್ರಕ್ಕೆ ಬರಬೇಕು. ಆ ಗೋಡೆಗೆ ಮಾತ್ರ ಹೊಳಪಿಲ್ಲದ ಸುಣ್ಣ ಹೊಡೆಸಿ" ಎಂದರು. ಹೊಡೆಸಿದೆ. ಮರುದಿನ ಬೆಳಿಗ್ಗೆ ಬಂದು ನೋಡಿದಾಗ ಆ ಕತ್ತಲೆ ಗೋದಾಮು ಹಾಲು ತುಂಬಿಟ್ಟ ಹಂಡೆಯಂತೆ ಕಂಡಿತು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು. ಒಂದು ಚಿತ್ರಕ್ಕೆ ಜಾಗ ಕೊಡುವುದೆಂದರೆ ಮೊಳೆ ಹೊಡೆಯುವುದಲ್ಲ, ನೋಡುವವನು ಎಲ್ಲಿ ನಿಲ್ಲಬೇಕು ಎಂಬುದನ್ನು ಗೊತ್ತುಮಾಡುವುದು ಎಂದು ನಾನು ಕಲಿತದ್ದು ಅವರಿಂದ.

ಚಿತ್ರಗಳು ಒಂದೊಂದಾಗಿ ಬಂದವು. ಸುರಪುರದಿಂದ ಹೊಳೆಯುವ ಸಣ್ಣ ಪಟಗಳು, ಅಣೆಕಟ್ಟು, ಟ್ರ್ಯಾಕ್ಟರು, ಮುಖಂಡರ ಮುಖಗಳು, ಕಟ್ಟಡ ಸಮಿತಿಯ ಅಧ್ಯಕ್ಷರ ತಂದೆಯ ಮುಖ. ಅಧ್ಯಕ್ಷರು ಹತ್ತಿಯ ವ್ಯಾಪಾರಿ. ಕಡೆಗೆ ಶಹಾಪುರದ ಬಸ್ಸಿನ ಮೇಲೆ ಚಾಪೆಯಲ್ಲಿ ಸುತ್ತಿದ ಒಂದು ಉದ್ದನೆಯ ಅರಿವೆ ಬಂತು. ಅದರ ಜೊತೆಗೇ ಅದನ್ನು ಬರೆದವರೂ ಇಳಿದರು. ಶಹಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಮತ್ತು ಚಿತ್ರ ಕಲಿಸುತ್ತಿದ್ದ ಅಕ್ಕೋರು. ಮಾತು ಕಡಿಮೆ, ನಗು ಇನ್ನೂ ಕಡಿಮೆ.

ಅರಿವೆ ಬಿಚ್ಚಿದೆವು. ಉದ್ದಕ್ಕೂ ಹೊಳೆಯ ದಂಡೆ. ದಂಡೆಯ ಮೇಲೆ ಸಾಲಾಗಿ ಕುಳಿತ ಹೆಂಗಸರು, ಎಲ್ಲರೂ ನಮಗೆ ಬೆನ್ನು ಮಾಡಿ. ಆಳೆತ್ತರದ ಬೆನ್ನುಗಳು. ಒಬ್ಬಳ ಕುಬುಸದ ಹೊಲಿಗೆ ಬಿಟ್ಟಿದೆ, ಒಬ್ಬಳ ತಲೆಯ ಮೇಲೆ ಸೆರಗಿದೆ, ಒಬ್ಬಳು ಕಪ್ಪು ಹೊದಿಕೆ ಹೊದ್ದಿದ್ದಾಳೆ, ಕೊನೆಯಿಂದ ಎರಡನೆಯವಳ ಸೀರೆಗೆ ಎಡಭುಜದ ಬಳಿ ಹಸಿರು ತೇಪೆ. ದೂರದಲ್ಲಿ ನೀರಿನ ಮೇಲೆ ಖಾಲಿ ಹರಗೋಲು ಈ ಕಡೆಗೆ ಬರುತ್ತಿದೆ. ಅಷ್ಟೇ. ಒಂದು ಮುಖವಿಲ್ಲ, ಒಂದು ಬಾವುಟವಿಲ್ಲ.

ಸಮಿತಿಯವರು ಅದರ ಮುಂದೆ ಬಹಳ ಹೊತ್ತು ನಿಂತರು. ಭೀಮಾ ಹೊಳೆ ದಾಟಿ ಯಾದಗಿರಿಗೆ ಬಂದು ರೈಲು ಹತ್ತಿ ಜೀವ ಉಳಿಸಿಕೊಂಡವರ ಕಥೆ ಎಲ್ಲರಿಗೂ ಗೊತ್ತಿತ್ತು. ನಿಜಾಮರ ಕಡೆಯ ರಜಾಕಾರರ ಗದ್ದಲದಲ್ಲಿ ಹಿಂದೂ ಜನ ದಾಟಿದರು. ಭಾರತದ ಸೈನ್ಯ ಬಂದು ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲಿನ ಗದ್ದಲದಲ್ಲಿ ಮುಸಲ್ಮಾನ ಜನ ದಾಟಿದರು. ಮೊದಲಿನದನ್ನು ಸಭೆಗಳಲ್ಲಿ ಹೇಳುತ್ತಿದ್ದರು. ಎರಡನೆಯದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

ಅಧ್ಯಕ್ಷರು ಕೇಳಿದರು: "ಅಕ್ಕೋರ, ಇವರು ಯಾವಾಗಿನವ್ರು? ಮೊದಲಿನವ್ರೋ, ಆಮ್ಯಾಗಿನವ್ರೋ?"

"ಹೆಣ್ಮಕ್ಕಳು ಕುಂತಾರ್ರಿ. ಅಷ್ಟ ಬರದೀನಿ."

"ಅದು ಕಾಣಸ್ತದ. ಯಾರ ಹೆಣ್ಮಕ್ಕಳು ಅಂತ ಕೇಳಾಕತ್ತೀನಿ."

"ದಂಡಿ ಒಂದೇ ಅದರಿ. ಯಾರು ಓಡಬೇಕಾದ್ರೂ ಅಲ್ಲೇ ಬಂದು ಕೂಡಬೇಕು."

 ಆರ್ಕಿಟೆಕ್ಟರಿಗೆ ಇದರ ಬಿಸಿ ತಟ್ಟಲೇ ಇಲ್ಲ. ಅವರು ಚಿತ್ರದಿಂದ ಹಿಂದೆ ಹಿಂದೆ ಸರಿದು, ಗೋದಾಮಿನ ಆ ತುದಿಗೆ ಬೆನ್ನು ತಾಕುವವರೆಗೆ ಹೋಗಿ, "ಇದಕ್ಕೆ ದೂರ ಬೇಕು. ಹಿಂದಿನ ಗೋಡೆ ಪೂರ್ತಿ ಇದಕ್ಕೇ ಬಿಡೋಣ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಕಾಣಬೇಕು" ಎಂದರು. ಯಾರೂ ಎದುರಾಡಲಿಲ್ಲ. ಹಿಂದಿನ ಗೋಡೆಗೆ ನಾನೇ ನಿಂತು ಅರಿವೆಯನ್ನು ಕಟ್ಟಿಸಿದೆ.

ವಾರದೊಳಗೆ ಆರ್ಕಿಟೆಕ್ಟರನ್ನು ಬೇರೆ ಕೆಲಸಕ್ಕೆಂದು ಬೆಂಗಳೂರಿಗೆ ಕರೆಸಿಕೊಂಡರು. ಅವರು ಹೋದ ಮೇಲೆ ಅಧ್ಯಕ್ಷರು ನನ್ನನ್ನು ಕರೆದು, ಹಿಂದಿನ ಗೋಡೆಯಿಂದ ನಾಲ್ಕಡಿ ಬಿಟ್ಟು ಅಡ್ಡಕ್ಕೆ, ಛಾವಣಿಯವರೆಗೆ, ಅರ್ಧ ಇಟ್ಟಿಗೆ ದಪ್ಪದ ಒಂದು ಗೋಡೆ ಎತ್ತಬೇಕೆಂದರು. ಹಿಂದೆ ಸಾಮಾನು ಇಡಲು ಜಾಗ ಆಗುತ್ತದೆಯಂತೆ.

"ಅಲ್ಲಿ ಅಕ್ಕೋರ ಚಿತ್ರ ಅದಲ್ರಿ?"

"ಇರಲಿ. ತೆಗೀರಿ ಅಂದೀನೇನು? ಹಿತ್ತಲ ಬಾಗಲಾ ಅದ, ನೋಡಾವ್ರು ಅಲ್ಲಿಂದ ಬಂದು ನೋಡ್ತಾರ."

ಇಷ್ಟು ವರ್ಷ ಕಟ್ಟಡ ಕಟ್ಟಿದವನಿಗೆ ಆ ದಿನ ಹೊಸ ವಿದ್ಯೆಯೊಂದು ತಿಳಿಯಿತು. ಒಂದು ಚಿತ್ರವನ್ನು ಬೇಡ ಎನ್ನಬೇಕಾಗಿಲ್ಲ, ಹರಿಯಬೇಕಾಗಿಲ್ಲ. ಅದರ ಮುಂದಿನ ಜಾಗವನ್ನು ಕಸಿದುಕೊಂಡರೆ ಸಾಕು. ನಾನು ವಾದಿಸಿದೆ. ಛಾವಣಿಗೆ ಆಸರೆ ಬೇಕಿಲ್ಲ ಎಂದೆ, ಬೆಳಕು ಕೆಡುತ್ತದೆ ಎಂದೆ, ನಕ್ಷೆಯಲ್ಲಿ ಇಲ್ಲ ಎಂದೆ. ನಾಲ್ಕು ದಿನದಲ್ಲಿ ಗೋಡೆಯನ್ನು ಸೇರಿಸಿದ ನಕ್ಷೆ ಬೆಂಗಳೂರಿನಿಂದಲೇ ಮುದ್ರೆ ಹೊಡೆಸಿಕೊಂಡು ಬಂತು. ಗೋಡೆ ಎದ್ದಿತು.

ಅಕ್ಕೋರು ಆದಿತ್ಯವಾರ ಬಂದು ನೋಡಿದರು. ಚಿತ್ರಕ್ಕೂ ಹೊಸ ಗೋಡೆಗೂ ನಡುವೆ ಒಂದು ಓಣಿ ಉಳಿದಿತ್ತು, ಅಷ್ಟೇ. ನಾನು ಅವರ ಮುಖ ನೋಡದೆ ಬಾಗಿಲ ಬಳಿ ನಿಂತಿದ್ದೆ. ಅಳುತ್ತಾರೆ ಅಥವಾ ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಓಣಿಯ ಕೊನೆಗೆ ಹೋಗಿ, ಹಸಿರು ತೇಪೆಯ ಬೆನ್ನಿನ ಮುಂದೆ ನಿಂತು ನನ್ನನ್ನು ಕರೆದರು.

"ಸಾಹೇಬ್ರ, ಈಕಿ ನನ್ನ ತಂಗಿ."

ಆಗ ಹೇಳಿದರು. ಅವರ ಊರು ಹೊಳೆಯ ಶಹಾಪುರದ ಕಡೆಯ ದಂಡೆಯದು. ರಜಾಕಾರರ ಗದ್ದಲ ಎದ್ದಾಗ ತಾಯಿಗೆ ಜ್ವರ, ಅವಳನ್ನು ಬಿಟ್ಟು ಬರಲಾಗದೆ ಇವರು ಸಜ್ಜೆ ಹೊಲದಲ್ಲಿ ಅಡಗಿ ಕುಳಿತರು. ತಂಗಿಯನ್ನು ಮಾತ್ರ ದಂಡೆಗೆ ಕಳಿಸಿದರು. ಹರಗೋಲಿಗಾಗಿ ಕಾಯುತ್ತ ಕುಳಿತ ಅವಳ ಬೆನ್ನೇ ಇವರು ಕಂಡ ಕೊನೆಯದು. ತೇಪೆ ಹಾಕಿದ್ದು ಇವರೇ. ಆಚೆ ದಂಡೆ ಮುಟ್ಟಿದಳೋ, ರೈಲು ಹತ್ತಿದಳೋ, ಯಾವ ದಿಕ್ಕಿಗೆ ಹೋದಳೋ ಗೊತ್ತಿಲ್ಲ. ಸೈನ್ಯ ಬಂದ ಮೇಲೆ ಅದೇ ಸಜ್ಜೆ ಹೊಲದ ಅಂಚಿನಿಂದ ಇನ್ನೊಂದು ಸಾಲು ಹೆಂಗಸರು ಅದೇ ದಂಡೆಯಲ್ಲಿ ಕುಳಿತದ್ದನ್ನೂ ಕಂಡರು.

"ಎಲ್ಲಾರನೂ ಕೂಡಿಸಿ ಬರದೀನಿ. ನನಗ ಕಂಡಾಂಗ ಬರದೀನಿ, ಹಿಂದಿಂದ. ಇದು ಸ್ಟೇಷನ್ ಮಗ್ಗಲಾಗಿನ ಜಾಗಾ. ನಾಕೂ ಕಡಿ ಮಂದಿ ಬರ್ತಾರ. ಯಾರಾರ ಒಬ್ರು ಆ ಬೆನ್ನ ಗುರ್ತ ಹಿಡೀತಾರ ಅಂತ ಇಲ್ಲಿಗೆ ಕೊಟ್ಟೀನ್ರಿ. ಬಹುಮಾನಕ್ಕಲ್ಲ."

ಅಂದಿನಿಂದ ಈ ಕಟ್ಟಡದಲ್ಲಿ ನನಗೆ ಒಂದೇ ಕೆಲಸ ಉಳಿಯಿತು. ಆ ಬೆನ್ನಿನ ಮುಂದೆ ಜನರನ್ನು ಹಾಯಿಸಬೇಕು.

ದಾರಿ ತೋರಿಸಿದ್ದು ನಾಡದೇವಿ. ಉದ್ಘಾಟನೆಗೆಂದು ಬೆಂಗಳೂರಿನಿಂದ ಗಾರೆ ಗಿಲಾವಿನ ದೊಡ್ಡ ಮೂರ್ತಿಯೊಂದು ಹುಲ್ಲಿನಲ್ಲಿ ಹುದುಗಿ ರೈಲಿನಲ್ಲಿ ಬಂತು. ನಕ್ಷೆಯ ಪ್ರಕಾರ ಅವಳು ಗೋದಾಮಿನ ನಟ್ಟನಡುವೆ. ಜನ ಬಾಗಿಲಿಂದ ಬಲಕ್ಕೆ ಹೊರಳಿ, ಗೋಡೆಗುಂಟ ಚಿತ್ರ ನೋಡುತ್ತ ಸುತ್ತಿ, ಎಡದಿಂದ ಹೊರಬೀಳಬೇಕು. ನೆಲದ ಮೇಲೆ ಬಾಣ ಬರೆಸಿದ್ದರು. ಉದ್ಘಾಟನೆಗೆ ಮುಂಚೆ ಪರೀಕ್ಷೆಗೆಂದು ಗೋಡೆ ಕಟ್ಟಿದ ಗೌಂಡಿಗಳ, ಬಡಿಗರ ಮನೆಯವರನ್ನೆಲ್ಲ ಒಳಗೆ ಬಿಟ್ಟೆವು.

ಎಲ್ಲರೂ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಒಳಗೆ ಬಂದವರೇ ದೇವಿಗೆ ಕೈಮುಗಿದು ಎಡಕ್ಕೆ ಹೊರಳಿದರು. ದೇವಿಯನ್ನು ಬಲಕ್ಕಿಟ್ಟುಕೊಂಡು ಸುತ್ತುವುದೇ ಅವರಿಗೆ ಗೊತ್ತಿದ್ದ ನಡಿಗೆ. ಬಾಣ ನೋಡಿ ಬಲಕ್ಕೆ ಹೊರಟ ಒಬ್ಬಿಬ್ಬರನ್ನು ಹೆಂಗಸರು ಗದರಿಸಿದರು. "ಉಲ್ಟಾ ಸುತ್ತತೀಯೇನೋ, ಹೆಣ ಸುತ್ತಿದಾಂಗ!" ಎರಡೂ ಕಡೆಯ ಜನ ನಡುವೆ ಸಿಕ್ಕಿಕೊಂಡು ಗೊಂದಲವೋ ಗೊಂದಲ. ಅದಕ್ಕಿಂತ ಮುಖ್ಯ ಸಂಗತಿ, ಸುತ್ತುವವರ ಕಣ್ಣೆಲ್ಲ ದೇವಿಯ ಮೇಲೆ. ಗೋಡೆಯ ಮೇಲಿನ ಅಣೆಕಟ್ಟಿಗೂ ಅಧ್ಯಕ್ಷರ ತಂದೆಗೂ ಅವರ ಬೆನ್ನು. ಅಧ್ಯಕ್ಷರಿಗೆ ಉರಿದುಹೋಯಿತು.

"ದೇವೀನ್ನ ಹಿಂದಕ ಒತ್ತರಿ, ಹೊಸಾ ಗ್ವಾಡಿಗೆ ಹಚ್ಚಿ ನಿಲ್ಲಸ್ರಿ. ಸುತ್ತಾಕ ಜಾಗಾನೇ ಇಲ್ಲಂದ್ರ ಹ್ಯಾಂಗ ಸುತ್ತತಾರ ನೋಡೂನು" ಎಂದು ಹೇಳಿ ಅವರು ಹತ್ತಿಯ ಹಂಗಾಮಿಗೆ ರಾಯಚೂರಿಗೆ ಹೋದರು.

ಹಚ್ಚಿ ನಿಲ್ಲಿಸಿದೆ. ಮರುದಿನ ಬಂದ ಹೆಂಗಸರು ಕೈಮುಗಿದರು, ಎಡಕ್ಕೆ ಹೊರಳಿದರು, ಗೋಡೆ ಅಡ್ಡ ಬಂದಾಗ ನಿಂತರು. ಒಬ್ಬಾಕೆಯಂತೂ ಮೂರ್ತಿಯ ಹಿಂದೆ ಸಂದಿಯೇನಾದರೂ ಇದೆಯೇ ಎಂದು ಕೈ ಹಾಕಿಯೇ ನೋಡಿದಳು. ನಾನು ಬಾಗಿಲಲ್ಲಿ ನಿಂತು ಆ ಕೈಯನ್ನು ನೋಡಿದೆ. ಆ ಗೋಡೆಯ ಹಿಂದೆ ಓಣಿ ಇತ್ತು. ನಮ್ಮ ಗುಡಿಗಳಲ್ಲಿ ಗರ್ಭಗುಡಿಯ ಸುತ್ತ ಬಿಡುವ ದಾರಿಯಷ್ಟೇ ಅಗಲದ ಓಣಿ.

ಇಷ್ಟು ವರ್ಷದ ನೌಕರಿಯಲ್ಲಿ ನಕ್ಷೆಯಲ್ಲಿಲ್ಲದ ಒಂದು ಗೂಟವನ್ನೂ ನಾನು ಹೊಡೆದವನಲ್ಲ. ಅವತ್ತು ಗೌಂಡಿಗಳನ್ನು ಕರೆದು ದೇವಿಯ ಎಡಕ್ಕೊಂದು, ಬಲಕ್ಕೊಂದು ಬಾಗಿಲು ಒಡೆಸಿದೆ. ಅರ್ಧ ಇಟ್ಟಿಗೆಯ ಗೋಡೆ, ಒಡೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೇಲೆ ಫರಸಿಯ ತೊಲೆ ಕೂರಿಸಿ ಅಂಚುಗಳಿಗೆ ಗಚ್ಚು ತಿಕ್ಕಿಸಿದೆ. ಓಣಿಯ ಒಳಮೈಗೆ, ಚಿತ್ರದ ಎದುರಿಗೆ, ಆರ್ಕಿಟೆಕ್ಟರು ಹೇಳಿಕೊಟ್ಟಿದ್ದ ಹೊಳಪಿಲ್ಲದ ಸುಣ್ಣ. ಮೇಲಿನ ಸೀಳುಗಳಿಂದ ಇಳಿದ ಬೆಳಕು ಸುಣ್ಣಕ್ಕೆ ಬಿದ್ದು, ಹೆಂಗಸರ ಬೆನ್ನುಗಳ ಮೇಲೆ ಬೆಳಗಿನ ಬಿಸಿಲಿನಂತೆ ಕುಳಿತುಕೊಂಡಿತು.

ಆಮೇಲೆ ಆದದ್ದನ್ನು ನಾನು ಎಣಿಸಿರಲಿಲ್ಲ. ದೂರದಿಂದ ನೋಡಬೇಕಾದ ಚಿತ್ರ ಓಣಿಯಲ್ಲಿ ಹಾಳಾಗುತ್ತದೆ ಎಂದೇ ತಿಳಿದಿದ್ದೆ. ಹಾಗಾಗಲಿಲ್ಲ. ಜನ ಒಬ್ಬರ ಹಿಂದೊಬ್ಬರು ನಡೆಯುತ್ತಿದ್ದರು. ಇಡೀ ಚಿತ್ರ ಯಾರಿಗೂ ಒಮ್ಮೆಲೇ ಕಾಣುತ್ತಿರಲಿಲ್ಲ. ಒಂದು ಬೆನ್ನು ದಾಟಿದರೆ ಇನ್ನೊಂದು ಬೆನ್ನು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ತಾವೂ ಅದೇ ಸಾಲಿನಲ್ಲಿ ಇದ್ದೇವೆ ಎನಿಸುತ್ತಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ದೇವಿಯನ್ನು ಸುತ್ತಲು ಬಂದದ್ದೇ ಮರೆತು, ಎಷ್ಟೋ ಹೆಂಗಸರು ಅಲ್ಲೇ ನೆಲಕ್ಕೆ ಕುಳಿತುಬಿಡುತ್ತಿದ್ದರು.

ಪಹರೆಗೆ ಒಬ್ಬ ಚಾಚಾ ಇದ್ದ. ಸೇಂದಿ ಗೋದಾಮಿನ ಕಾಲದಿಂದಲೂ ಅವನೇ ಪಹರೆ. ಚಿತ್ರ ಬಂದ ದಿನದಿಂದ ಅವನು ಆ ಕಪ್ಪು ಹೊದಿಕೆಯ ಬೆನ್ನಿನ ಕಡೆ ನೋಡುತ್ತಿರಲಿಲ್ಲ. ಓಣಿ ಗುಡಿಸುವಾಗಲೂ ಮುಖ ತಿರುಗಿಸಿಕೊಂಡೇ ಗುಡಿಸುತ್ತಿದ್ದ. ಒಮ್ಮೆ ನಾನು ಸುಮ್ಮನೆ, "ಚಾಚಾ, ಚಿತ್ರ ಚಂದ ಅದ ಅಲ್ಲೇನು?" ಎಂದೆ. "ಚಂದ ಯಾಕಿರ್ತದ್ರಿ ಸಾಬ" ಎಂದು ಕಸಬರಿಗೆ ಎತ್ತಿಕೊಂಡು ಹೋದ.

ಉದ್ಘಾಟನೆ ಗದ್ದಲದಲ್ಲಿ ಮುಗಿಯಿತು. ದೊಡ್ಡವರು ದೇವಿಗೆ ಹಾರ ಹಾಕಿ ಅಲ್ಲಿಂದಲೇ ಹೊರಳಿದರು, ಹಿಂದೆ ಹೋಗಲಿಲ್ಲ. ಅವತ್ತಿನ ಮಟ್ಟಿಗೆ ಬಂದಿದ್ದ ಅಧ್ಯಕ್ಷರೂ ಹೊಸ ಬಾಗಿಲುಗಳ ಕಡೆ ಲಕ್ಷ್ಯ ಕೊಡದೆ ಅವರ ಹಿಂದೆಯೇ ರಾಯಚೂರಿಗೆ ಮರಳಿದರು. ಅವರು ಹೋದ ಮೇಲೆ ಜನ ಬಂದರು. ರೈಲು ಹಿಡಿಯುವವರು, ರೈಲು ತಪ್ಪಿಸಿಕೊಂಡವರು, ಸಂತೆಗೆ ಬಂದವರು. ಪ್ರತಿ ಆದಿತ್ಯವಾರ ಅಕ್ಕೋರು ಬಂದು ಓಣಿಯ ಕೊನೆಯಲ್ಲಿ ನಿಂತು ಹಾಯುವವರ ಮುಖ ನೋಡುತ್ತಿದ್ದರು. ಚಿತ್ರದವರು ತಾವೇ ಎಂದು ಯಾರಿಗೂ ಹೇಳುತ್ತಿರಲಿಲ್ಲ.

ಒಂದು ಗುರುವಾರ ಸಂಜೆ ನಾನು ಹೋದಾಗ ಚಾಚಾ ಬಾಗಿಲಲ್ಲೇ ಕಾಯುತ್ತಿದ್ದ.

"ಸಾಬ, ಒಬ್ಬಾಕಿ ಅಂಬಿಗರ ಹೆಣ್ಮಗಳು ಬಂದಿದ್ಳು. ಆ ಹಸರ ತ್ಯಾಪಿ ಅದಲ್ರಿ, ಅದರ ಮ್ಯಾಲ ಕೈ ಇಟ್ಟು ನಿಂತುಬಿಟ್ಳು. 'ಈಕಿನ್ನ ನನ್ನ ಗಂಡನೇ ದಾಟಸ್ಯಾನ. ಹರಗೋಲದಾಗ ನನ್ನ ಮಗ್ಗಲಾಗ ಕುಂತಿದ್ಳು. ಎಲ್ಲಿಗಿ ಹ್ವಾದ್ಳು ಅಂಬೋದು ಅಂವಗ ಗೊತ್ತದ, ಅಂವನೇ ಆಕಿನ್ನ ಕಳಿಸಿ ಬಂದಾನ' ಅಂದ್ಳು."

ನಾನು ಸ್ಟೇಷನ್ ಕಡೆಗೆ ಹಣಿಕಿ ನೋಡಿದೆ. "ಎಲ್ಲಿ ಆಕಿ? ಯಾವೂರಾಕಿ?"

"ಗಾಡಿ ಸೀಟಿ ಹೊಡೀತ್ರಿ, ಓಡಿ ಹ್ವಾದ್ಳು. ಗಂಡ ರಾಯಚೂರಾಗ ಅದಾನಂತ. ಸೋಮವಾರ ಇಬ್ರೂ ಇದೇ ಗಾಡಿ ದಾರೀಲೆ ಮುಂಬೈಗೆ ಕೂಲಿಗೆ ಹೊಂಟಾರಂತ. ಇಲ್ಲಿ ಇಳದು ಅಂವಗ ತೋರಸ್ತೀನಿ, ಈಕಿ ಮಂದಿ ಯಾರಾರ ಇದ್ರ ಹೇಳಿಡು ಅಂದಾಳ."

ಶಹಾಪುರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಅಕ್ಕೋರಿಗೆ ಹೇಳಿಕಳಿಸಿದೆ. ಈ ಸಲ ಆದಿತ್ಯವಾರದ ಬದಲು ಸೋಮವಾರ ಶಾಲೆಗೆ ರಜೆ ಹಾಕಿ ಬರುತ್ತೇನೆ ಎಂದು ಮರುದಿನವೇ ಅದೇ ಕಂಡಕ್ಟರ್ ಉತ್ತರ ತಂದ. "ಅಕ್ಕೋರು ಇದನ್ನ ಮೂರು ಸಲ ಹೇಳಿಸಿದ್ರಪಾ ನನ್ನ ಕಡಿಂದ" ಎಂದು ನಕ್ಕ.

ಶನಿವಾರ ಬೆಳಿಗ್ಗೆ ಅಧ್ಯಕ್ಷರು ರಾಯಚೂರಿನಿಂದ ಬಂದರು. ಓಣಿಯಲ್ಲಿ ಹೆಂಗಸರು ಕುಳಿತು ಅಳುತ್ತಾರೆ, ನಮ್ಮವರೂ ಅವರೂ ಒಂದೇ ಕಡೆ ಕುಳಿತು ಹಳೆಯದನ್ನೆಲ್ಲ ಕೆದಕುತ್ತಾರೆ ಎಂದು ಯಾರೋ ಅವರ ಕಿವಿ ಊದಿದ್ದರು. ಅವರು ಕೂಗಾಡಲಿಲ್ಲ. ಎಲ್ಲವನ್ನೂ ಒಂದು ಸುತ್ತು ಶಾಂತವಾಗಿ ನೋಡಿದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟರು.

"ಓವರ್ಸಿಯರ್ ಸಾಹೇಬ್ರ, ನಿಮ್ಮ ತಲಿ ಭಾಳ ಚುರುಕ ಅದ. ಮಂದಿ ದೇವಿ ಹಿಂದ ಹೋಗ್ತಾರ ಅಂಬೋದು ನಮಗ ತಿಳೀಲೇ ಇಲ್ಲ. ಅಂದ ಮ್ಯಾಲ ದೇವೀನ್ನ ಬಾಗಲಾ ಹತ್ರನೇ ಇಟ್ಟರ ಆತಲ್ಲ? ಅಲ್ಲೇ ಸುತ್ತಿ, ಅಲ್ಲೇ ಹೊರಗ ಹೋಗ್ತಾರ."

 ನಾನು ಕಂಡುಕೊಂಡ ಉಪಾಯವನ್ನೇ ಅವರು ನನಗೆ ತಿರುಗಿಸಿ ಹಿಡಿದಿದ್ದರು.

"ಆ ಎರಡು ದರ್ವಾಜಿ ನಕ್ಷಾದಾಗ ಇಲ್ಲ. ಮುಚ್ಚಸ್ತೀವಿ. ಚಿತ್ರ ಮುಟ್ಟಂಗಿಲ್ಲ ಮತ್ತ. ಹಿತ್ತಲ ಬಾಗಲಾ ತೆರದೇ ಇರ್ತದ."

"ಸೋಮವಾರ ತನಕ ಬಿಡ್ರಿ" ಎಂದೆ. ಕೈಮುಗಿದೆ ಕೂಡ. ಅಕ್ಕೋರ ತಂಗಿಯ ವಿಷಯವನ್ನು ಇದ್ದದ್ದಿದ್ದಂತೆ ಹೇಳಿದೆ. "ಒಂದು ಹೆಣ್ಮಗಳ ಪತ್ತೆ ಹತ್ತತದ್ರಿ. ಎರಡು ದಿನದ ಮಾತು."

ಅವರು ನಿಜವಾಗಿಯೂ ಮರುಗಿದವರಂತೆ ತಲೆಯಾಡಿಸಿದರು. "ಪಾಪ. ಬರಲಿ, ಹಿತ್ತಲಿಂದ ಬಂದು ನೋಡ್ಲಿ. ಯಾರು ಬ್ಯಾಡಂತಾರ?"

ಯಾರೂ ಬೇಡ ಎನ್ನಲಿಲ್ಲ. ಆ ಕಟ್ಟಡದಲ್ಲಿ ಮೊದಲಿನಿಂದ ಕೊನೆಯವರೆಗೆ ಯಾರೂ ಯಾವುದನ್ನೂ ಬೇಡ ಎನ್ನಲಿಲ್ಲ. ಶನಿವಾರ ಸಂಜೆಯೊಳಗೆ ಅವರು ಕರೆತಂದ ಗೌಂಡಿಗಳು ಎರಡೂ ಬಾಗಿಲುಗಳನ್ನು ಇಟ್ಟಿಗೆಯಿಂದ ತುಂಬಿ, ಗಿಲಾವು ಮಾಡಿ, ಸುಣ್ಣ ಬಳಿದು ಹೋದರು. ದೇವಿ ಮುಂಬಾಗಿಲಿನ ಬಳಿ ಬಂದಳು. ನನಗೆ ಸೋಮವಾರ ಬೆಳಿಗ್ಗೆ ಸುರಪುರಕ್ಕೆ ಹೋಗಿ ಒಂದು ಸಣ್ಣ ಸೇತುವೆಯ ಅಳತೆ ತೆಗೆಯಬೇಕೆಂದು ಹುಕುಂ ಆಯಿತು. ಅದು ಯಾಕೆ ಆ ದಿನವೇ ಆಗಬೇಕಿತ್ತು ಎಂಬುದು ಸೇತುವೆಗೂ ಗೊತ್ತಿರಲಿಕ್ಕಿಲ್ಲ.

ಹೋಗುವ ಮುಂಚೆ ಚಾಚಾನಿಗೆ ಎರಡೆರಡು ಸಲ ಹೇಳಿದೆ. "ಮುಂದಿನ ಬಾಗಲಾ ಬಿಟ್ಟು ಅಲುಗಾಡಬ್ಯಾಡ. ಆ ಹೆಣ್ಮಗಳು ಬಂದ ಕೂಡ್ಲೆ ಕೈ ಹಿಡದು ಹಿತ್ತಲಿಗೆ ಕರಕೊಂಡು ಹೋಗು."

"ಆಕಿ ಮುಖ ನನಗ ಗುರ್ತ ಅದ, ಬೇಫಿಕರ ಹೋಗಿ ಬರ್ರಿ" ಎಂದ ಚಾಚಾ.

ಸೋಮವಾರ ಇಡೀ ದಿನ ಸುರಪುರದ ಬಿಸಿಲಿನಲ್ಲಿ ಟೇಪು ಹಿಡಿದು ನಿಂತಿದ್ದೆ. ಅಳತೆಗಳು ತಪ್ಪುತ್ತಿದ್ದವು. ಮಧ್ಯಾಹ್ನದ ಗಾಡಿಯ ಹೊತ್ತಿಗೆ, ಅಷ್ಟು ದೂರದಲ್ಲಿ ಸೀಟಿ ಕೇಳುವುದು ಸಾಧ್ಯವೇ ಇಲ್ಲದಿದ್ದರೂ, ಕಿವಿಗೊಟ್ಟು ನಿಂತೆ. ಈಗ ಬಂದಿರುತ್ತಾರೆ, ಈಗ ಅಕ್ಕೋರು ಕೇಳುತ್ತಿರುತ್ತಾರೆ, ಈಗ ಅವನು ಊರಿನ ಹೆಸರು ಹೇಳಿರುತ್ತಾನೆ. ಬಹಳ ದಿನಗಳ ಮೇಲೆ ನನಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಬಸ್ಸಿಳಿದಾಗ ಹೊತ್ತು ಮುಳುಗಲು ಬಂದಿತ್ತು. ಚಿತ್ರಶಾಲೆಯ ಬಾಗಿಲಲ್ಲಿ ಬೇರೆ ಪಹರೆಯವನಿದ್ದ. ಬೆಳಿಗ್ಗೆಯೇ ಚಾಚಾನನ್ನು ತಹಸೀಲು ಕಚೇರಿಗೆ ಹಾಕಿದ್ದರು.

"ಯಾರಾರ ಬಂದಿದ್ರೇನು? ಅಂಬಿಗರ ಹೆಣ್ಮಗಳು, ಗಂಡನ ಸಂಗಟ?"

ಹೊಸಬ ಒಳ್ಳೆಯ ಹುರುಪಿನಲ್ಲಿ ಹೇಳಿದ. "ಬಂದಿದ್ರಿ, ಆಕಿ ಒಬ್ಬಾಕಿ ತಲಿ ಕೆಟ್ಟಾಕಿ. ಗಂಡನ ಕೈ ಜಗ್ಗಿಕೊಂತ ದೇವಿ ಸುತ್ತ ಎರಡ ಸಲ ತಿರಗಿದ್ಳು. 'ಕುಂತ ಹೆಣ್ಮಕ್ಕಳು ಎಲ್ಲದಾರ' ಅಂತ ಕೇಳ್ತಾಳ. ನಾ ಇವತ್ತೇ ಬಂದಾಂವ, ನನಗೇನು ಗೊತ್ತು? ಅಂಥದ್ದೇನೂ ಇಲ್ಲವ್ವಾ, ಇದ್ರ ತೆಗದಿರಬೇಕು ಅಂದೆ. ಆ ಹಿಂದಿನ ಗ್ವಾಡಿ ತನಕ ಹೋಗಿ, 'ಇಲ್ಲೇ ದರ್ವಾಜಿ ಇತ್ತು, ಇಲ್ಲೇ ಇತ್ತು' ಅಂತ ಗ್ವಾಡಿ ಬಡದ್ಳು ನೋಡ್ರಿ, ಸುಣ್ಣ ಉದರೂ ಹಾಂಗ. ಗಂಡ, ಗಾಡಿ ತಪ್ಪತದ ನಡಿಯಬೇ ಅಂತ ಎಳಕೊಂಡು ಹ್ವಾದ."

ಹೊಸ ಸುಣ್ಣದ ಮೇಲೆ ಅಂಗೈ ಗುರುತುಗಳಿದ್ದವು. ನಾನು ಮುಟ್ಟಲಿಲ್ಲ.

ಸುತ್ತಿಕೊಂಡು ಹಿತ್ತಲಿಗೆ ಹೋದೆ. ಗಿಡ್ಡ ಬಾಗಿಲು ತೆರೆದೇ ಇತ್ತು, ಮಾತು ಕೊಟ್ಟಂತೆ. ಓಣಿಯಲ್ಲಿ ಕತ್ತಲಾಗುತ್ತಿತ್ತು. ಮುಚ್ಚಿದ ಬಾಗಿಲಿಗೆ ಬೆನ್ನು ಹಚ್ಚಿ, ತಂಗಿಯ ಬೆನ್ನಿನ ಎದುರಿಗೆ ಅಕ್ಕೋರು ನೆಲದ ಮೇಲೆ ಕುಳಿತಿದ್ದರು. ಮಗ್ಗುಲಲ್ಲಿ ಬಿಚ್ಚದ ರೊಟ್ಟಿಯ ಗಂಟು. ಬೆಳಗಿನ ಬಸ್ಸಿಗೇ ಬಂದಿದ್ದರಂತೆ. ಮುಂದೆ ಮಂದಿ ಬಹಳ, ಬರುವವರು ಚಿತ್ರಕ್ಕಂತಲೇ ಬರುವವರು, ಪಹರೆಯವನು ಹಿತ್ತಲಿಗೇ ಕಳಿಸುತ್ತಾನೆ, ಚಿತ್ರವಿದ್ದಲ್ಲಿಯೇ ಕುಳಿತರೆ ತಪ್ಪುವುದಿಲ್ಲ ಎಂದು ಇಲ್ಲಿ ಬಂದು ಕುಳಿತರಂತೆ.

ನನ್ನನ್ನು ಕಂಡು ಎದ್ದರು. ಸೀರೆಗೆ ಹತ್ತಿದ ಸುಣ್ಣ ಕೊಡವಿಕೊಂಡರು.

"ಯಾರೂ ಬರ್ಲಿಲ್ರಿ ಸಾಹೇಬ್ರ. ಗಾಡಿ ತಡಾ ಆಗಿರಬೇಕು. ನಾಳಿ ಬರ್ತಾರೇನೋ." ಆಮೇಲೆ, ನನ್ನನ್ನು ಸಮಾಧಾನಪಡಿಸುವವರಂತೆ, "ನಿಮ್ಮ ಗೌಂಡಿಗಳಷ್ಟ ಇದ್ರು. ಮಧ್ಯಾಹ್ನದಾಗ ಆ ಕಡಿಂದ ಗ್ವಾಡಿ ಬಡದ್ರು. ನನ್ನ ಬೆನ್ನಿಗೇ ಬಡದಾಂಗಾತು. ಕೆಲಸ ಇನ್ನೂ ಮುಗದಿಲ್ಲೇನ್ರಿ?"

ಗೌಂಡಿಗಳ ಕೆಲಸ ಶನಿವಾರವೇ ಮುಗಿದಿತ್ತು. ಹಾಗೆಂದು ಅವರಿಗೆ ಹೇಳಿದೆ.